ನಿಂತು ತೆಗೆದ ಅಳತೆ

ಒಂದು ಜೋಡಿ ಬೂಟು ಹುಡುಕುವುದರಲ್ಲಿ ಇಡೀ ವರ್ಷ ಕಳೆದ ಮನುಷ್ಯ ನಾನು. ಹೇಳಿದರೆ ಜನ ನಗುತ್ತಾರೆ. ನಗಲಿ. ಉಗುರು ಕಪ್ಪಾಗಿ ಉದುರಿದ್ದು ನನ್ನ ಕಾಲಿನದು, ಅವರದಲ್ಲ.

ಸಿಂಧನೂರಿನಲ್ಲಿ ನನ್ನದು ಕುರ್ಚಿಯ ನೌಕರಿ. ಹತ್ತಕ್ಕೆ ಕುಳಿತರೆ ಆರಕ್ಕೆ ಏಳುವುದು. ಮನೆ ಮುಟ್ಟುವಷ್ಟರಲ್ಲಿ ಎದುರು ಸಿಕ್ಕವರ ಮೇಲೆ ಹರಿಹಾಯುವ ಚಟ ಬೆಳೆದಿತ್ತು. ನಲವತ್ತು ದಾಟಿದ ಮೇಲೆ ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಓಡಲು ಶುರು ಮಾಡಿದೆ, ಸಿಟ್ಟು ಅರ್ಧಕ್ಕೆ ಇಳಿಯಿತು. ನನ್ನ ಹೆಂಡತಿ ಗುರುಗುಂಟಾದವಳು, ಸುತ್ತಿ ಬಳಸಿ ಮಾತಾಡುವವಳಲ್ಲ. ನೀವು ಓಡಿ ಬಂದ ದಿನ ಮಾತ್ರ ಈ ಮನೆಯಲ್ಲಿ ಬಾಳಬಹುದು ಎಂದು ಮುಖದ ಮೇಲೇ ಹೇಳಿದ್ದಳು. ಆ ಓಟವೇ ನಿಲ್ಲುವ ಹಾಗಾದಾಗ ನಾನು ಹೆದರಿದ್ದು ಸುಳ್ಳಲ್ಲ.

ನಿಲ್ಲಿಸಿದ್ದು ಬೂಟು. ಮುಂದೆ ಚೂಪು, ಹಿಂದೆ ದಪ್ಪ ಹಿಮ್ಮಡಿ. ನನ್ನ ಪಾದವೋ ಮುಂಭಾಗದಲ್ಲಿ ಹರಡಿಕೊಂಡದ್ದು, ಐದು ಬೆರಳೂ ತಮ್ಮ ತಮ್ಮ ಜಾಗ ಕೇಳುವಂಥದ್ದು. ಮೂರು ಕಿಲೋಮೀಟರ್ ಆಗುವಷ್ಟರಲ್ಲಿ ಕಿರುಬೆರಳು ಉರಿಯುತ್ತಿತ್ತು, ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಲಿಂಗಸುಗೂರಿನ ಡಾಕ್ಟರೊಬ್ಬರು ನನ್ನ ಕಾಲು ನೋಡಿದರು, ಬೂಟನ್ನೂ ಮಗುಚಿ ನೋಡಿದರು. ಕಾಲು ಸರಿಯಾಗಿದೆ, ಬೂಟು ಬದಲಿಸಿ ಎಂದರು. ಮುಂದೆ ಅಗಲ ಇರಬೇಕು, ಅಟ್ಟೆ ತೆಳ್ಳಗಿರಬೇಕು, ಹಿಮ್ಮಡಿ ಎತ್ತರ ಇರಬಾರದು, ಹಾಕಿಕೊಂಡರೆ ಬರಿಗಾಲಿನಲ್ಲಿ ನಿಂತ ಹಾಗಿರಬೇಕು. ಅದಕ್ಕೆ ಮಿನಿಮಲಿಸ್ಟ್ ಶೂ ಅನ್ನುತ್ತಾರಂತೆ. ಕಪ್ಪು ಬಣ್ಣದ್ದು ಸಿಕ್ಕರೆ ಓಟಕ್ಕೂ ಆಯಿತು, ಆಫೀಸಿಗೂ ಆಯಿತು. ಎಷ್ಟು ಸುಲಭವಾಗಿ ಹೇಳಿಬಿಟ್ಟರು!

ಸಿಂಧನೂರಿನ ಅಂಗಡಿಗಳಲ್ಲಿ ತೆಳು ಅಟ್ಟೆ ಎಂದ ಕೂಡಲೇ ಹೆಂಗಸರ ಚಪ್ಪಲಿ ತೋರಿಸಿದರು. ಅಗಲ ಬೇಕು ಎಂದರೆ ಒಬ್ಬ ಎರಡು ನಂಬರು ದೊಡ್ಡದು ಕೊಟ್ಟು, ಮುಂದೆ ಹತ್ತಿ ತುಂಬಿಕೊಳ್ಳಿ ಎಂದ. ಲಿಂಗಸುಗೂರಿನ ಅಂಗಡಿಯವನು ನಾಲ್ಕು ಬೆರಳು ದಪ್ಪದ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತೋರಿಸಿ, ಇದನ್ನು ಹಾಕಿದರೆ ಮೋಡದ ಮೇಲೆ ನಡೆದ ಹಾಗಿರುತ್ತದೆ ಎಂದ. ನನಗೆ ಮೋಡ ಬೇಡ, ನೆಲ ಬೇಕು ಎಂದೆ. ಇವರಿಗೆ ಏನಾಗಿದೆ ಎಂಬಂತೆ ಅವನು ಜೊತೆಗೆ ಬಂದಿದ್ದ ನನ್ನ ಹೆಂಡತಿಯ ಮುಖ ನೋಡಿದ. ಅವಳು ಬೇರೆ ಕಡೆ ನೋಡಿದಳು.

ಕೊನೆಗೆ ಫೋನಿನಲ್ಲಿ ತರಿಸುವುದೆಂದಾಯಿತು. ಪಾದದ ಸುತ್ತ ಹಾಳೆಯ ಮೇಲೆ ಗೆರೆ ಎಳೆದು, ಉದ್ದ ಅಗಲ ಅಳೆದು ಕಳಿಸಿದರೆ ನಂಬರು ಕಂಪನಿಯವರೇ ಹೇಳುತ್ತಾರೆ. ಕುರ್ಚಿಯಲ್ಲಿ ಕುಳಿತೆ, ಬಗ್ಗಿ ಗೆರೆ ಎಳೆದೆ. ಬಂದ ಜೋಡಿ ಬಿಗಿ. ವಾಪಸ್ ಕಳಿಸಿ ಮತ್ತೆ ಕುಳಿತು ಎಳೆದೆ, ಮತ್ತೆ ಬಿಗಿ. ಮೂರನೆಯ ಸಲ ಕೊರಿಯರ್‌ನವನು ಡಬ್ಬಿ ನನ್ನ ಕೈಗೆ ಕೊಡುವ ಮೊದಲೇ, ಇದನ್ನೂ ವಾಪಸ್ ಒಯ್ಯುವುದಾ ಎಂದು ಕೇಳಿದ. ಬಾಗಿಲು ಹಾಕಿಕೊಂಡು ತೊಟ್ಟು ನೋಡಿದೆ. ಅದೂ ಬಿಗಿಯೇ.

ತಲೆ ಕೆಟ್ಟು ಹೋಯಿತು. ಮರುದಿನದಿಂದ ಬರಿಗಾಲಿನಲ್ಲೇ ಓಡತೊಡಗಿದೆ. ವಳಕಮದಿನ್ನಿಯ ಕಡೆ ಗದ್ದೆಗೆ ಹೋಗುವವರು ಬೈಕು ನಿಧಾನ ಮಾಡಿ ನೋಡಿಕೊಂಡು ಹೋದರು. ನೋಡಿದವರಲ್ಲಿ ಯಾರೋ ಮಸ್ಕಿಯಲ್ಲಿರುವ ನಮ್ಮ ಅಪ್ಪನಿಗೆ ಸುದ್ದಿ ಮುಟ್ಟಿಸಿದರು. ಭಾನುವಾರ ಬಂದು ಹೋಗು ಎಂದಷ್ಟೇ ಹೇಳಿ ಅಪ್ಪ ಫೋನ್ ಇಟ್ಟರು.

ಬರಿಗಾಲು ಎಂದರೆ ನಮ್ಮಪ್ಪನಿಗೆ ಏನು ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮಜ್ಜ ಚರ್ಮದ ಮೆಟ್ಟು ಹೊಲಿಯುತ್ತಿದ್ದ. ಊರಿಗೆಲ್ಲ ಹೊಲಿದು ಕೊಟ್ಟವನು ಕೆಲವು ಮನೆಗಳ ಮುಂದೆ ಹಾಯುವಾಗ ತನ್ನ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿಯಬೇಕಿತ್ತು. ಅವನ ಹಿಂದೆ ಬರಿಗಾಲಿನಲ್ಲಿ ನಡೆದ ಹುಡುಗ ನಮ್ಮಪ್ಪ. ಓದಿ ಮಾಸ್ತರರಾದರು. ಮೊದಲ ಸಂಬಳದಲ್ಲಿ ಅಂಗಡಿಯ ಕಪ್ಪು ಬೂಟು ತಂದರು. ನಾನೇ ಹೊಲಿದು ಕೊಡುತ್ತೇನೆ ಎಂದು ಅಜ್ಜ ಎಷ್ಟು ಹೇಳಿದರೂ ಒಪ್ಪಲಿಲ್ಲವಂತೆ. ಆಮೇಲೆ ಪಡಸಾಲೆಗೆ ಬುದ್ಧನ ಫೋಟೊ ಬಂತು, ಚರ್ಮ ಕೊಯ್ಯುವ ರಂಪಿಗೆ ಮನೆಯಿಂದ ಹೊರಗೆ ಹೋಯಿತು. ಆ ಕೆಲಸದ ಬಗ್ಗೆ ಅಪ್ಪ ನಮ್ಮೆದುರು ಒಂದು ಮಾತೂ ಆಡಿದವರಲ್ಲ. ನಿವೃತ್ತರಾದ ಮೇಲೂ, ಹಾಲು ತರಲು ಹೊರಟರೂ, ಸಾಕ್ಸು ಹಾಕಿ ಲೇಸು ಬಿಗಿದ ಬೂಟು ಇರಲೇಬೇಕು.

ನಾನು ಹೋದಾಗ ಪೇಪರು ಹಾಸಿಕೊಂಡು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಬರಿಗಾಲಾಗ ಓಡಾಕತ್ತೀಯಂತ. ನಿಮ್ಮ ಅಜ್ಜನ ಕಾಲಕ್ಕ ಹೊಳ್ಳಿ ಹೊಂಟೀಯೇನು?"

ನನಗೆ ರೇಗಿತು. ನನಗೆ ಬೂಟು ಬೇಡ ಅಂತಲ್ಲ, ಸಿಗುತ್ತಿಲ್ಲ, ಒಂದು ವರ್ಷದಿಂದ ಅಲೆಯುತ್ತಿದ್ದೇನೆ ಎಂದು ಕೂಗಿಯೇ ಹೇಳಿದೆ. ಚೀಲದಿಂದ ಮೂರನೆಯ ಜೋಡಿಯನ್ನೂ ಗೆರೆ ಎಳೆದ ಹಾಳೆಗಳನ್ನೂ ತೆಗೆದು ಅವರ ಮುಂದೆ ಹಾಕಿದೆ. ಅಪ್ಪ ಬೂಟನ್ನು ಮುಟ್ಟಲಿಲ್ಲ. ಹಾಳೆಗಳನ್ನು ಮಾತ್ರ ಒಂದರ ಪಕ್ಕ ಒಂದು ಇಟ್ಟು ಬಹಳ ಹೊತ್ತು ನೋಡಿದರು.

"ಕುಂತು ತಗದೀಯೇನು?"

ಹೌದು ಎಂದೆ.

"ಕುಂತ್ರ ಪಾದದ ಮ್ಯಾಲ ಭಾರ ಬೀಳೂದಿಲ್ಲ. ಭಾರ ಬಿದ್ರನ ಅಗಲ ತಿಳಿಯೂದು. ನಿಂದ್ರು."

ವರ್ಷವಿಡೀ ಹಾಳಾದದ್ದು ಇಷ್ಟಕ್ಕಾಗಿ. ಮೆಟ್ಟು ಹೊಲಿಯುವವನ ಮೊಮ್ಮಗನಿಗೆ ಪಾದದ ಅಳತೆ ತೆಗೆಯಲು ಬರುವುದಿಲ್ಲ, ಬರುವವರು ನಲವತ್ತು ವರ್ಷದಿಂದ ಬಾಯಿ ಬಿಟ್ಟಿಲ್ಲ. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಎದ್ದು ನಿಂತೆ.

ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ನೆಲದ ಮೇಲೆ ಹಾಸಿದರು, ಪೆನ್ಸಿಲ್ ಹಿಡಿದು ನನ್ನ ಕಾಲ ಹತ್ತಿರ ಮಂಡಿಯೂರಿದರು. ನಾನು ಗಾಬರಿಯಾಗಿ ಹಿಂದೆ ಸರಿದೆ, ನಾನೇ ಎಳೆದುಕೊಳ್ಳುತ್ತೇನೆ ಎಂದೆ. ನೀನು ಬಗ್ಗಿದರೆ ಭಾರ ಒಂದೇ ಕಡೆ ಬೀಳುತ್ತದೆ, ಸುಮ್ಮನೆ ನಿಲ್ಲು ಎಂದು ಗದರಿಸಿದರು. ಎಡಗೈಯಿಂದ ನನ್ನ ಕಾಲಿನ ಹರಡು ಹಿಡಿದು, ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ, ಎಲ್ಲೂ ತಡೆಯದೆ ಸುತ್ತು ಬಂದರು. ಅಜ್ಜನ ಬಳಿ ಕಲಿತದ್ದರಲ್ಲಿ ಆ ಕೈ ಏನನ್ನೂ ಮರೆತಿರಲಿಲ್ಲ. ಯಾರ ಕಾಲ ಬುಡದಲ್ಲೂ ಕೂರಬಾರದೆಂದು ಓದಿದ ಮನುಷ್ಯ ನನ್ನ ಕಾಲ ಬುಡದಲ್ಲಿ ಕುಳಿತಿದ್ದರು. ಸಂಕಟ ತಡೆಯಲಾಗದೆ ಗೋಡೆಯ ಕಡೆ ನೋಡುತ್ತ ನಿಂತೆ. ಹೊಸ ಗೆರೆ ನನ್ನ ಗೆರೆಗಿಂತ ಅರ್ಧ ಬೆರಳು ಅಗಲ ಬಂತು.

ನಿಮ್ಮದೂ ತೆಗೆಯೋಣ, ನಿಮಗೂ ಒಂದು ಜೋಡಿ ತರಿಸುತ್ತೇನೆ ಎಂದೆ. ಬೇಡ ಎಂದರು. ನಾನು ಬಿಡಲಿಲ್ಲ. ಹಟ ನನಗೂ ಅವರಿಂದಲೇ ಬಂದದ್ದು. ಕೊನೆಗೆ ಸಾಕ್ಸು ಕಳಚಿದರು.

ಅಪ್ಪನ ಬರಿಯ ಪಾದವನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಹೆಬ್ಬೆರಳು ಓರೆಯಾಗಿ ಪಕ್ಕದ ಬೆರಳನ್ನು ಹತ್ತಿ ಕುಳಿತಿತ್ತು. ಕಿರುಬೆರಳು ತನ್ನ ಪಕ್ಕದ್ದರ ಕೆಳಗೆ ಸೇರಿ ಹೋಗಿತ್ತು. ಇಡೀ ಪಾದ ಮುಂದೆ ಚೂಪಾಗಿ, ಪಕ್ಕದಲ್ಲಿಟ್ಟ ಕಪ್ಪು ಬೂಟಿನ ಆಕಾರಕ್ಕೇ ಬಂದಿತ್ತು. ಅವರೇ ಹೇಳಿದರು.

"ಮೊದಲನೇ ಜೋಡಿ ಸಣ್ಣದಿತ್ತು. ನಿಮ್ಮ ಅಜ್ಜನ ಕೂಡ ಹಟ ಮಾಡಿ ತಂದಿದ್ದೆ. ಕಚ್ಚತೈತಿ ಅಂತ ಅವನ ಮುಂದ ಹೆಂಗ ಹೇಳ್ಲಿ?"

ಆಮೇಲೆ ಅದೇ ನಂಬರು ರೂಢಿಯಾಯಿತಂತೆ. ನಾನು ಅವರನ್ನು ನಿಲ್ಲಿಸಿ, ಮಂಡಿಯೂರಿ, ಅವರು ಮಾಡಿದ ಹಾಗೆಯೇ ಗೆರೆ ಎಳೆದೆ. ಎರಡು ಕಡೆ ಸೊಟ್ಟಾಯಿತು.

ಎರಡೂ ಜೋಡಿ ಬಂದವು. ನನ್ನದು ಎಲ್ಲೂ ಒತ್ತಲಿಲ್ಲ. ಮೊದಲ ದಿನವೇ ಆರು ಕಿಲೋಮೀಟರ್ ಓಡಿದೆ, ಸೋಮವಾರ ಅದರಲ್ಲೇ ಆಫೀಸಿಗೂ ಹೋದೆ. ಮುಂದಿನ ಭಾನುವಾರ ಅಪ್ಪನ ಜೋಡಿ ಹಿಡಿದು ಮಸ್ಕಿಗೆ ಹೋದೆ. ಬೇಡ ಎನ್ನದೆ ಹಾಕಿಕೊಂಡರು. ಲೇಸು ನಾನೇ ಕಟ್ಟಿದೆ. ಪಡಸಾಲೆಯಿಂದ ಬಾಗಿಲತನಕ ನಡೆದರು, ಹೊಸ್ತಿಲ ಬಳಿ ನಿಂತರು, ರಸ್ತೆಗೆ ಇಳಿಯಲಿಲ್ಲ.

"ಚಲೋ ಅದಾವ," ಅಂದರು. "ಆದ್ರ ಬರಿಗಾಲಾಗ ನಿಂತಂಗ ಆಗತೈತಿ."

ಕುಳಿತು ಲೇಸು ಬಿಚ್ಚಿದರು. ಕಪ್ಪು ಬೂಟು ಹಾಕಿಕೊಂಡು ಹಾಲು ತರಲು ಹೋದರು.