ಡಬ್ಬದಜ್ಜನ ಚಪ್ಪಾಳೆ

ಇಪ್ಪತ್ತು ವರ್ಷ ಒಂದು ಹಳೆಯ ಕಂಪ್ಯೂಟರಿಗಾಗಿ ಎಲ್ಲರೊಡನೆ ಕಾದಾಡಿ ಡಬ್ಬದಜ್ಜನೆಂದೇ ಹೆಸರಾದ ಆಪರೇಟರ್, ಅದನ್ನು ಗುಜರಿಗೆ ಸಾಗಿಸಿದ ದಿನ ತುಟಿ ಬಿಚ್ಚಲಿಲ್ಲವೇಕೆ? ಪಂಪ್‌ಹೌಸಿನ ಇಂಜಿನಿಯರಮ್ಮನಿಗೆ ಈ ಪ್ರಶ್ನೆಗೆ ಬಹಳ ಕಾಲ ಉತ್ತರ ಹೊಳೆಯಲೇ ಇಲ್ಲ. ಪಂಪ್‌ಗಳನ್ನು ನಡೆಸಿ ಊರಿಗೆಲ್ಲ ನೀರು ಹರಿಸುತ್ತಿದ್ದ ಆ ಡಬ್ಬದ ಬಳಿ ಯಾರಾದರೂ ಕೆಮ್ಮಿದರೂ ಅಜ್ಜ ಹೊರಗಟ್ಟುತ್ತಿದ್ದ. ಬೆಳಿಗ್ಗೆ ಅದರ ಕಪ್ಪು ಪರದೆಯಲ್ಲಿ ಹಸಿರು ಅಕ್ಷರ ಮೂಡುವಷ್ಟರಲ್ಲಿ ಪತ್ರಿಕೆಯನ್ನು ನಿಧನವಾರ್ತೆಯವರೆಗೆ ಓದಿ ಮುಗಿಸುತ್ತಿದ್ದ. “ಇದರ ಪ್ರೊಸೆಸರ್ ಮಾಡ್ತಿದ್ದ ಕಾರ್ಖಾನೇನೇ ಮುಚ್ಚಿ ಹೋಯ್ತಲ್ಲ ಅಜ್ಜ!” ಎಂದು ಇಂಜಿನಿಯರಮ್ಮ ಕೆಣಕಿದರೆ, “ನನ್ನ ಹೆತ್ತೋರೂ ಇಲ್ಲಮ್ಮ, ನಾನು ಓಡಾಡ್ತಿಲ್ವಾ?” ಎನ್ನುತ್ತಿದ್ದ. ಕೊನೆಗೆ ಬಣ್ಣದ ಪರದೆಯ ಹೊಸ ಯಂತ್ರ ಬಂತು. ಜೋಡಿಸಲೆಂದು ವಾರವಿಡೀ ಬಾಗಿಲು ಹಾಕಿಕೊಂಡಿದ್ದ ಅಜ್ಜ ಹೊರಬಂದು “ಪರವಾಗಿಲ್ಲ” ಎಂದನಷ್ಟೆ; ಮರುದಿನ ಹಳೆಯ ಡಬ್ಬ ಗುಜರಿಗೆ ಹೋಯಿತು. ಮೂರು ವರ್ಷ ಊರಿನ ನಲ್ಲಿಗಳು ಒಂದು ದಿನವೂ ಒಣಗಲಿಲ್ಲ. ಇಂಜಿನಿಯರಮ್ಮ ಸಭೆಸಭೆಗಳಲ್ಲಿ ಹೊಸತರ ಮಹಿಮೆಯನ್ನು ಹಾಡಿ ಹೊಗಳಿ ಬಡ್ತಿಯನ್ನೂ ಪಡೆದರು. ಹಿಂದಿನ ಸಾಲಿನಿಂದ ಅಜ್ಜನ ಚಪ್ಪಾಳೆಯೇ ಎಲ್ಲರಿಗಿಂತ ಜೋರು. ಅವನು ತೀರಿಕೊಂಡ ಮರುವಾರ ತಪಾಸಣೆಗೆ ಬಂದ ತಂತ್ರಜ್ಞ ಕೀಲಿ ಒತ್ತಿ ಬಣ್ಣದ ಚಿತ್ರಗಳನ್ನು ಬದಿಗೆ ಸರಿಸಿದಾಗ, ಅವುಗಳ ಹಿಂದೆ ಅದೇ ಹಸಿರು ಅಕ್ಷರಗಳು ಮಿನುಗುತ್ತಿದ್ದವು. “ಮೇಡಂ, ನಿಮ್ಮ ಹೊಸ ಪ್ರೋಗ್ರಾಮ್ ಒಂದು ದಿನಾನೂ ಪಂಪ್ ನಡೆಸಿಲ್ಲ. ಯಾರೋ ಹಳೇದನ್ನೇ ಪೂರ್ತಿ ಇದರೊಳಗೆ ಕೂರಿಸಿಬಿಟ್ಟಿದಾರೆ.”