ಮನೆ ಅವಳದು, ನೆಲ ಅವರದು

ಟ್ರೇಲರ್ ಮನೆಗಳು ಸಾಲಾಗಿ ನಿಂತ ನಮ್ಮ ಪಾರ್ಕಿನಲ್ಲಿ ಎಲ್ಲರ ಮನೆಯ ಅಡಿಯಲ್ಲೂ ಗಾಲಿ ಇದೆ, ಯಾರ ಮನೆಯೂ ಕದಲುವುದಿಲ್ಲ. ಮನೆ ಸ್ವಂತದ್ದು, ಅದು ನಿಂತ ನೆಲ ಮಾತ್ರ ಬಾಡಿಗೆಯದು. ಅಮೆರಿಕದ ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ ನಮ್ಮಂಥವರು ಮನೆ ಮಾಡಿಕೊಳ್ಳುವುದು ಹೀಗೇ.

ಪಕ್ಕದ ಮಾರ್ಲಿಸ್ ಡುಫೆಕ್ ಗಂಡನನ್ನು ಬಿಟ್ಟು ಬಂದ ವರ್ಷ ತನ್ನದನ್ನು ಕೊಂಡಳು. "ಇನ್ಮೇಲೆ ಯಾವನೂ ನನ್ನನ್ನ ಮನೆಯಿಂದ ಆಚೆ ಹಾಕೋ ಹಾಗಿಲ್ಲ. ತೀರಾ ಬೇಜಾರಾದ್ರೆ ಮನೇನೇ ಎಳ್ಕೊಂಡು ಹೋಗ್ತೀನಿ" ಅಂದಿದ್ದಳು. ಗಟ್ಟಿಗಿತ್ತಿ. ಚೀಸ್ ಕಾರ್ಖಾನೆಯಲ್ಲಿ ದುಡಿದು ಮನೆಯ ಸಾಲ ತೀರಿಸಿದಳು, ಮುಂದಿನ ಜಗಲಿಯನ್ನು ತಾನೇ ಮೊಳೆ ಹೊಡೆದು ಕಟ್ಟಿದಳು. ಬಾಯಿ ಮಾತ್ರ ಕೆಟ್ಟದ್ದು. ನಾನು ಮಾಂಸ, ಆಲೂಗಡ್ಡೆ ಹಾಕಿ ಓವನ್ನಿನಲ್ಲಿ ಬೇಯಿಸಿದ ಹಾಟ್‌ಡಿಶ್ ತಿಂದು, "ಇದನ್ನ ನಾಯಿಗೆ ಹಾಕಿದ್ರೆ ಅದೂ ಉಪವಾಸ ಇರತ್ತೆ ಕಣೇ" ಎನ್ನುತ್ತಲೇ ಎರಡನೇ ಸಲ ಬಡಿಸಿಕೊಳ್ಳುವವಳು.

ಯಾವುದೋ ಕಂಪನಿ ಪಾರ್ಕನ್ನು ಕೊಂಡು ನೆಲದ ಬಾಡಿಗೆ ಏರಿಸಿತು. ಎರಡು ವರ್ಷದ ಕರಾರಿಗೆ ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿತು. ಗಾಯದ ಮೇಲೆ ಬರೆ ಎಳೆದಂತೆ ಆ ಚಳಿಗಾಲದಲ್ಲೇ ಕಾರ್ಖಾನೆ ಮಾರ್ಲಿಸ್‌ಳ ಪಾಳಿಯನ್ನೇ ನಿಲ್ಲಿಸಿ ಅವಳನ್ನು ಕೆಲಸದಿಂದ ತೆಗೆಯಿತು. ಇನ್ನು ಬಾಡಿಗೆ ಕಟ್ಟಲಾಗುವುದಿಲ್ಲ ಎಂದು ಗೊತ್ತಾದಾಗ ಅವಳು ತಂಗಿಯ ಊರಿಗೆ ಮನೆ ಸಮೇತ ಹೊರಡಲು ಲಾರಿಯವನನ್ನು ಕರೆಸಿದಳು. ಅವನು ಮನೆಯ ಅಡಿಗೆ ತೂರಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಹೊರಬಂದ.

"ಅಡಿಯ ಕಬ್ಬಿಣದ ಚೌಕಟ್ಟು ಪೂರ್ತಿ ತುಕ್ಕು ಹಿಡಿದಿದೆ ಮೇಡಂ. ಎಳೆದ್ರೆ ರಸ್ತೇಲೇ ಎರಡು ತುಂಡಾಗತ್ತೆ."

"ಗಾಲಿ ಇದೆಯಲ್ಲಪ್ಪಾ!"

"ಗಾಲಿಗೇನೂ ಆಗಿಲ್ಲ. ಮನೆಗೆ ವಯಸ್ಸಾಗಿದೆ."

ಅವಳು ತಾನೇ ಬಗ್ಗಿ ಮನೆಯ ಅಡಿಯನ್ನು ಇಣುಕಿ ನೋಡಿದಳು.

ಕೊನೆಗೆ ಕಂಪನಿಯ ಮ್ಯಾನೇಜರ್ ಟ್ರೆಂಟ್ ಒಂದು ದಾರಿ ಹೇಳಿದ. ಮನೆಯನ್ನು ಕಂಪನಿಗೆ ಬರೆದುಕೊಟ್ಟರೆ, ಕರಾರಿನಲ್ಲಿ ಉಳಿದ ತಿಂಗಳುಗಳ ಬಾಡಿಗೆ ಕೇಳುವುದಿಲ್ಲವಂತೆ. ಆಫೀಸಿಗೆ ನಾನೂ ಜೊತೆಗೆ ಹೋದೆ.

"ಸಹಿ ಹಾಕ್ಬೇಡ ಕಣೇ, ಇದು ಹಗಲು ದರೋಡೆ" ಎಂದೆ.

"ಕೋರ್ಟಿಗೆ ಎಳೀತಾರೆ. ಅಷ್ಟು ಶಕ್ತಿ ಇಲ್ಲ ನಂಗೆ" ಎಂದು ಮಾರ್ಲಿಸ್ ಸಹಿ ಹಾಕಿದಳು.

ಟ್ರೆಂಟ್ ಕಾಗದವನ್ನು ಒಳಗಿಟ್ಟ. ಹುಡುಗ ಕೆಟ್ಟವನೇನಲ್ಲ, ನನಗೆ ಸಿಟ್ಟು ಬಂದದ್ದೂ ಅದಕ್ಕೇ.

"ಮಾರ್ಲಿಸ್ ಮೇಡಂ, ಹೋಗೋಕೆ ಜಾಗ ಇದೆಯಾ?"

"ತಂಗಿ ಮನೇಲಿ ಒಂದು ಸೋಫಾ ಇದೆ."

"ಅಲ್ಲಾ, ಈ ಮನೆ ಹೇಗೂ ಖಾಲಿನೇ ಅಲ್ವಾ? ಬೇಕಿದ್ರೆ ನಿಮಗೇ ಬಾಡಿಗೆಗೆ ಕೊಡ್ತೀವಿ. ಹಳಬರು ನೀವು, ಡೆಪಾಸಿಟ್ ಅರ್ಧ ಮಾಡಿಸ್ತೀನಿ."

ಈಗ ಇವನ ಜನ್ಮ ಜಾಲಾಡುತ್ತಾಳೆ ಎಂದುಕೊಂಡೆ. ಜಾಲಾಡಲಿ ಎಂದು ಕಾದೆ. ಮಾರ್ಲಿಸ್ ಕೈಚೀಲದ ಹಿಡಿಯನ್ನು ತಿರುಚುತ್ತ ಕೂತಿದ್ದವಳು ಮೆಲ್ಲಗೆ ಕೇಳಿದಳು:

"ತಿಂಗಳಿಗೆ ಎಷ್ಟಪ್ಪಾ?"

ಅವನು ಹೇಳಿದ. ಕಟ್ಟಲಾಗದೆ ಬಿಟ್ಟ ನೆಲದ ಬಾಡಿಗೆಗಿಂತ ಅದು ಎಷ್ಟೋ ಹೆಚ್ಚು. ಅವಳು ತಲೆಯಾಡಿಸಿ, "ತಂಗೀನ ಒಂದು ಮಾತು ಕೇಳಿ ಹೇಳ್ತೀನಿ" ಎಂದಳು.

ಹುಟ್ಟಿದಾಗಿನಿಂದ ಯಾರನ್ನೂ ಕೇಳಿ ಏನನ್ನೂ ಮಾಡಿದವಳಲ್ಲ ಅವಳು.