ಶರಣಕ್ಕನ ಹಂಚಿನ ಘಾಟು

ನಮ್ಮ ವಡಾಲದ ಬಿಲ್ಡಿಂಗಿನಲ್ಲಿ ಯಾರ ಮನೆಗೆ ಹೊಸ ಸ್ಕೂಟರ್ ಬರಲಿ, ಯಾರ ಕೂಸು ಹಟ ಹಿಡಿದು ಅಳಲಿ, ಮೊದಲು ಕರೆ ಹೋಗುವುದು ನನ್ನ ಪಕ್ಕದ ಮನೆಯ ಶರಣಕ್ಕನಿಗೆ. ವಿಜಯಪುರದ ಕಡೆಯವಳು, ದೃಷ್ಟಿ ತೆಗೆಯುವುದರಲ್ಲಿ ಎತ್ತಿದ ಕೈ. ಮರಾಠಿಗರಿಗೂ ಅವಳೇ ಬೇಕು, ಗುಜರಾತಿಗಳಿಗೂ ಅವಳೇ ಬೇಕು. ಒಣಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ, ಕಾದ ಹಂಚಿನ ಮೇಲೆ ಸುರಿಯುತ್ತಾಳೆ. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು, ಈಗ ಹೋಯಿತು ಎಂದರ್ಥ. ಘಾಟಿಗೆ ಕೆಮ್ಮು ಬಂದರೆ ದೃಷ್ಟಿಯೇ ಆಗಿರಲಿಲ್ಲ, ಬೇರೇನೋ ಇದೆ.

ಧಾರವಾಡದಲ್ಲಿ ನಾಲ್ಕಕ್ಷರ ಕಲಿತ ನಾನು ಇದನ್ನೆಲ್ಲ ನಂಬುವವಳಲ್ಲ. "ಮೆಣಸಿನಕಾಯಿ ಹಳೇವಿದ್ರ ಘಾಟ ಎಲ್ಲಿಂದ ಬರ್ತದ ಶರಣಕ್ಕಾ?" ಎಂದು ಕಾಡುತ್ತಿದ್ದೆ.

"ನಿನಗ ತಗಿಯೂ ಕಾರಣನ ಇಲ್ಲ ಬಿಡ ಶೈಲಾ, ನಿನ್ನ ಮಾರಿ ಯಾರ ನೋಡತಾರ?" ಎನ್ನುತ್ತಿದ್ದಳು. ಬಾಯಿ ಹಂಗೆ, ಕರುಳು ಬೆಣ್ಣೆ.

ಅವಳ ಮಗಳು ಶಿವಕುಮಾರಿ ಅಂಧೇರಿಯಲ್ಲಿ ಸಿನಿಮಾದವರ ಬಟ್ಟೆಗೆ ಜರಿ ಕಸೂತಿ ಹಾಕುತ್ತಾಳೆ. ಕಣ್ಣೇ ಅವಳ ಅನ್ನ. ಲೋಕಲ್ ಟ್ರೇನಿನ ನೂಕಾಟದಲ್ಲಿ ಚಷ್ಮಾ ಮುರಿದು ಮುರಿದು ಬೇಸತ್ತು, ಕಳೆದ ವರ್ಷ ಎರಡೂ ಕಣ್ಣಿಗೆ ಲೇಸರ್ ಮಾಡಿಸಿಕೊಂಡಳು. ಮರುದಿನ ಡಾಕ್ಟರು ನೋಡಿ ಎಲ್ಲ ಸರಿ ಇದೆ ಎಂದರು. ಇಡೀ ಬಿಲ್ಡಿಂಗು ಬಂದು, "ಚಷ್ಮಾ ಇಲ್ದ ಎಷ್ಟ ಚಂದ ಕಾಣಸ್ತಿ" ಎಂದು ಗಲ್ಲ ಹಿಂಡಿ ಹೋಯಿತು. ನಾನೂ ಹಿಂಡಿದೆ.

ಅದರ ಮಾರನೆಯ ಮಧ್ಯಾಹ್ನ ಹುಡುಗಿ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು. "ಅವ್ವಾ, ಕಣ್ಣಾಗ ಉಸುಕ ಬಿದ್ದಂಗ ಆಗೇತಿ. ನಿನ್ನೆ ಕಾಣತಿದ್ದ ಅಂಗಡಿ ಬೋರ್ಡ ಇವತ್ತ ಬರೇ ಮಂಜ."

"ಆತ ನೋಡ, ದೃಷ್ಟಿ!" ಎಂದು ಶರಣಕ್ಕ ಸೆರಗು ಬಿಗಿದಳು. ಡಾಕ್ಟರಿಗೆ ಫೋನ್ ಮಾಡಿ ಎಂದು ನಾನು ಬಡಕೊಂಡೆ. ಯಾರು ಕೇಳಬೇಕು? ನನಗೆ ಸಿಟ್ಟು ನೆತ್ತಿಗೇರಿತು. ಅವಳು ಒಳಗೇ ನಿವಾಳಿಸಿ, ಮಗಳಿಗೆ ಹೊಗೆ ತಾಗದಂತೆ ಬಾಗಿಲು ಹಾಕಿ, ಕಾದ ಹಂಚನ್ನು ಹೊರಗಿನ ಗ್ಯಾಲರಿಗೆ ತಂದು ಮುಷ್ಟಿ ಬಿಚ್ಚಿದಳು.

ಘಾಟು ಬಂತು. ಎಂಥ ಘಾಟು! ಮೇಲಿನ ಮಹಡಿಯವರೂ ಕೆಮ್ಮುತ್ತ ಕಿಟಕಿ ಮುಚ್ಚಿದರು. ಇನ್ನೊಮ್ಮೆ ತೆಗೆದು ನೋಡು ಎಂದರು ಯಾರೋ. ಒಳಗಿನಿಂದ ಶಿವಕುಮಾರಿ, "ಇರಲಿ ಬಿಡ ಅವ್ವಾ, ಮುಂದಿನ ವಾರ ಚೆಕಪ್ ಐತಲ್ಲ, ಅಲ್ಲೀತನಕಾ ನೋಡೂಣು" ಎಂದಳು.

"ನೋಡಾಕ ಕಣ್ಣ ಇರಬೇಕಲ್ಲ! ಘಾಟ ಬಂದಮ್ಯಾಲ ಇದು ನನ್ನ ಕೆಲಸ ಅಲ್ಲ, ಡಾಕ್ಟರ್ದು. ಏಳ!"

ನಾನು ಕೆಳಗೋಡಿ ಟ್ಯಾಕ್ಸಿ ಕರೆದೆ.

ಡಾಕ್ಟರ್ ನಿಶ್ಮಿತಾ ಉಡುಪಿ ಕಡೆಯವರು. ಮಷೀನಿನಲ್ಲಿ ಬಹಳ ಹೊತ್ತು ನೋಡಿದರು. ಲೇಸರ್ ಮಾಡುವಾಗ ಕಾರ್ನಿಯಾದ ತೆಳು ಪದರವೊಂದನ್ನು ಎತ್ತಿ ಮತ್ತೆ ಮುಚ್ಚುತ್ತಾರಂತೆ. ಅದರ ಕೆಳಗೆ ಉರಿಯೂತ ಎದ್ದಿತ್ತು. ಅಪರೂಪಕ್ಕೆ ಹೀಗಾಗುತ್ತದೆ, ಪದರ ಎತ್ತಿ ತೊಳೆಯಬೇಕು, ಆಮೇಲೆ ತಾಸಿಗೊಮ್ಮೆ ಸ್ಟೀರಾಯ್ಡ್ ಹನಿ ಹಾಕಬೇಕು ಎಂದರು. "ಇವತ್ತೇ ಬಂದದ್ದು ಒಳ್ಳೆಯದಾಯ್ತು ಅಮ್ಮ. ಚೆಕಪ್‌ವರೆಗೆ ಕಾದಿದ್ದರೆ ದೃಷ್ಟಿ ಹೋಗ್ತಿತ್ತು."

ಶರಣಕ್ಕ ಸೆಟೆದು ನಿಂತಳು. "ದೃಷ್ಟಿ ಆಗೇ ಇಲ್ರಿ ಡಾಕ್ಟರಬಾಯಾರ, ಹೋಗೂದೆಲ್ಲಿಂದ? ನಾನ ತಗದ ನೋಡೀನಿ. ಘಾಟ ಬಂತು!"

ಡಾಕ್ಟರು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ನನಗೆ ನಗು ಉಕ್ಕಿ ಬಂತು. ಶಿವಕುಮಾರಿಯೇ ತಾಯಿಯ ಕೈ ತಡವಿ ಹಿಡಿದು, "ಅವ್ವಾ, ಕಣ್ಣ ಹೋಗತಿದ್ವು ಅಂತಾರ" ಎಂದಳು.

ಶರಣಕ್ಕ ಕುರ್ಚಿಗೆ ಕುಸಿದಳು. ಊರ ಮಂದಿಗೆಲ್ಲ ನಿವಾಳಿಸಿದ ಆ ಕೈಯನ್ನು ನಾನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳ ಮೇಲೆ ಅಷ್ಟು ಪ್ರೀತಿ ಬಂದದ್ದು ಅವತ್ತೇ.

ಸಂಜೆಯೇ ಪದರ ಎತ್ತಿ ತೊಳೆದರು. ಮನೆಗೆ ಬಂದಮೇಲೆ ಹನಿ ಹಾಕುವ ಕೆಲಸವನ್ನು ಶರಣಕ್ಕ ಯಾರಿಗೂ ಬಿಟ್ಟುಕೊಡಲಿಲ್ಲ. ಮಗಳ ಕಣ್ಣಿಗೆ ಔಷಧ, ತನ್ನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಾಣತೈತೇನು ಎಂದು ಕೇಳಲು ಮಾತ್ರ ಅವಳಿಗೆ ಧೈರ್ಯ ಬರಲಿಲ್ಲ. ನನಗೂ ಬರಲಿಲ್ಲ.

ಒಂದು ಬೆಳಿಗ್ಗೆ ನಾನು ಚಹಾ ಒಯ್ದಾಗ, ಹನಿ ಹಾಕಲು ಬಗ್ಗಿದ್ದ ತಾಯಿಯ ಮುಖವನ್ನು ಶಿವಕುಮಾರಿ ದಿಟ್ಟಿಸುತ್ತಿದ್ದಳು.

"ಅವ್ವಾ, ನಿನ್ನ ಕಣ್ಣ ಎಷ್ಟ ಕೆಂಪ ಆಗ್ಯಾವ! ಕೆಳಗ ಎಷ್ಟ ಸುಕ್ಕ ಬಿದ್ದಾವ ನೋಡ. ಮಲಗೇ ಇಲ್ಲೇನ ನೀ?"

ಶರಣಕ್ಕನ ಕೈಯಲ್ಲಿದ್ದ ಬಾಟಲಿ ಅಲ್ಲೇ ನಿಂತಿತು. "ಸುಕ್ಕ ಕಾಣತಾವೇನ?" ಎಂದಳು. ಮುಖವನ್ನು ಮಗಳ ಮುಂದೆ ಚಾಚಿ, "ಎಣಸ ಹಂಗಾರ. ಎಲ್ಲಾ ಎಣಸ" ಎಂದು ಅಳುತ್ತ ಕೂತಳು.